ನಿಪ್ಪಾಣಿಯ ಅಕ್ಕಿಯಲ್ಲಿ ಬರೆದ ಹೆಸರು

ಎಲೆಕ್ಷನ್ನಿಗೆ ನಿಲ್ಲದೆ, ಯಾರ ಮುಂದೆಯೂ ಕೈ ಮುಗಿಯದೆ, ಯಾರಿಗೂ ಒಂದು ಕಪ್ ಚಹಾ ಕೂಡ ಕುಡಿಸದೆ ನಾನು ಗ್ರಾಮ ಪಂಚಾಯಿತಿಗೆ ಆರಿಸಿ ಬಂದುಬಿಟ್ಟೆ.

ನಂಬುವುದಿಲ್ಲವೇ? ನಮ್ಮ ಓಣಿಯವರು ನಂಬಿದ್ದರು.

ಹಾಲು ಹಾಕುವ ಅಪ್ಪಾಸಾಬ ದಿನವೂ ಬಾಗಿಲಲ್ಲಿ ಕ್ಯಾನಿನ ಮುಚ್ಚಳ ಬಡಿದು ಊರನ್ನೇ ಎಬ್ಬಿಸುವವನು. ಅಂದು ಸದ್ದಿಲ್ಲದೆ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

"ಆಯಿ, ನಮ್ಮ ಮನಿ ಮೂಲ್ಯಾಗ ಒಂದು ಲೈಟ್ ಹಾಕಸ್ರೆಲಾ."

"ನಾ ಹೆಂಗ ಹಾಕಸ್ಲೋ? ನಮ್ಮ ಅಂಗಳದಾಗಿನ ಬಲ್ಬ್ ಹೋಗಿ ಎಷ್ಟ ದಿನ ಆತು, ಅದನ್ನ ನನ್ನ ಮಗನ ಕೈಲೆ ಬದಲಿ ಮಾಡಸಾಕ ಆಗಿಲ್ಲ."

"ಹಂಗ ಅನಬ್ಯಾಡ್ರಿ. ನೀವೀಗ ಮೆಂಬರ್ ಆಗೀರಿ. ಮಾಲವ್ವ ಹೇಳ್ಯಾಳ. ಕಂಪ್ಯೂಟರ್‌ನ್ಯಾಗ ಬಂದೈತಂತ."

ಮಾಲವ್ವ ನಮ್ಮ ಬಾಜೂ ಮನೆಯವಳು. ಹಿಂದಿನ ದಿನ ಹೆಪ್ಪಿಗೆಂದು ಬಟ್ಟಲು ಹಿಡಿದು ಬಂದಿದ್ದಳು. ಪಡಸಾಲೆಯಲ್ಲಿ ನನ್ನ ಮೊಮ್ಮಗಳು ರಾಜಶ್ರೀಯ ಲ್ಯಾಪ್‌ಟಾಪ್ ತೆರೆದೇ ಇತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಸದಸ್ಯ:ಶಾಂತಾಬಾಯಿ' ಎಂದು ಕಾಣುತ್ತಿತ್ತು. ಶಾಂತಾಬಾಯಿ ಅಂದರೆ ನಾನು. ಸದಸ್ಯ ಅಂದರೆ ನಮ್ಮೂರಲ್ಲಿ ಒಂದೇ ಅರ್ಥ, ಪಂಚಾಯಿತಿ ಮೆಂಬರು. ಮಾಲವ್ವ ಹೆಪ್ಪು ತೆಗೆದುಕೊಂಡು ಹೋದಳು. ಅವರ ಮನೆಯಲ್ಲಿ ಮೊಸರು ಹೆಪ್ಪುಗಟ್ಟುವ ಮೊದಲೇ ಸುದ್ದಿ ಗಟ್ಟಿಯಾಗಿತ್ತು.

ಈಗ ನಿಮಗೆ ನಿಜ ಹೇಳುತ್ತೇನೆ. ನಾನು ಮೆಂಬರು ಹೌದು. ಆದರೆ ಪಂಚಾಯಿತಿಗಲ್ಲ, ವಿಕಿಗೆ.

ವಿಕಿ ಅಂದರೆ ಏನು ಎಂದು ಕೇಳಬೇಡಿ, ನಾನೇ ಹೇಳುತ್ತೇನೆ. (ನಾಲ್ಕನೆಯ ಇಯತ್ತೆ ಕಲಿತವಳು ಪತ್ರಿಕೆಯ ಈ ಅಂಕಣದಲ್ಲಿ ಕಂಪ್ಯೂಟರಿನ ಬಗ್ಗೆ ಹೇಳುವ ಭಾಗ್ಯ ವಾರ ವಾರ ಬರುವುದಿಲ್ಲ.) ಅದು ಕಂಪ್ಯೂಟರಿನೊಳಗಿನ ಒಂದು ಪುಸ್ತಕ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ನಮ್ಮ ಊರಿನ ಸುದ್ದಿಯೂ ಹೀಗೇ ತಯಾರಾಗುತ್ತದೆ ಅನ್ನುತ್ತೀರಾ? ಹೌದು. ಆದರೆ ಊರ ಸುದ್ದಿಗೆ ಯಾರು ಎಷ್ಟು ಉಪ್ಪುಖಾರ ಹಾಕಿದರು ಎಂದು ತಿಳಿಯುವುದಿಲ್ಲ. ವಿಕಿಯಲ್ಲಿ 'ಇತಿಹಾಸ' ಎಂದು ಒತ್ತಿದರೆ ಸಾಕು. ಮೊದಲು ಯಾರು ಬರೆದರು, ಆಮೇಲೆ ಯಾರು ತಿದ್ದಿದರು, ಎಲ್ಲ ಹೊರಗೆ ಬೀಳುತ್ತದೆ.

ನನ್ನ ರಾಜಶ್ರೀ ಚಿಕ್ಕೋಡಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳೂ ಅವಳ ಗೆಳತಿಯರೂ ಸೇರಿ ನಮ್ಮ ಕಡೆಯ ಹಳ್ಳಿಗಳದ್ದೇ ಒಂದು ವಿಕಿ ಮಾಡಿದ್ದಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಅಷ್ಟೂ ತಾಲೂಕಿನದು. ಅದೂ ಎರಡು ಭಾಷೆಯಲ್ಲಿ, ಕನ್ನಡದಲ್ಲೂ ಮರಾಠಿಯಲ್ಲೂ. ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುವಾಗ ಎರಡೂ ಭಾಷೆ ಬೇಕಾಗುವ ಊರು ನಮ್ಮದು. ಪುಸ್ತಕಕ್ಕೆ ಬೇಡವೇ?

ತೊಂದರೆ ಏನೆಂದರೆ ಆ ಸಾಫ್ಟ್‌ವೇರು ಹುಟ್ಟಿದ್ದು ಇಂಗ್ಲಿಷಿನಲ್ಲಿ. ಅದರೊಳಗೆ ಪ್ರತಿ ಪುಟದ ಹೆಸರಿನ ಮುಂದೆ ಇನ್ನೊಂದು ಹೆಸರಿರುತ್ತದೆ, ನಡುವೆ ಎರಡು ಚುಕ್ಕಿ. ಬರೆಯುವವರ ಸ್ವಂತ ಪುಟಗಳಿಗೆ ಒಂದು ಹೆಸರು, ವಾದ ಮಾಡುವ ಪುಟಗಳಿಗೆ ಇನ್ನೊಂದು, ಫೋಟೋಗಳಿಗೆ ಮತ್ತೊಂದು. ಇವಕ್ಕೆಲ್ಲ ನೇಮ್‌ಸ್ಪೇಸ್ ಅನ್ನುತ್ತಾರಂತೆ. ಇವನ್ನೆಲ್ಲ ಕನ್ನಡಕ್ಕೆ ತರುವುದು ನನ್ನ ಮೊಮ್ಮಗಳ ಪಾಲಿಗೆ ಬಂದಿತ್ತು.

"ನೇಮ್‌ಸ್ಪೇಸ್ ಅಂದ್ರ ಆಯಿ, ಒಂದ ಹೆಸರಿನವರು ಇಬ್ಬರಿದ್ರ ಗದ್ದಲ ಆಗಬಾರದಂತ ಬ್ಯಾರೆ ಬ್ಯಾರೆ ಜಾಗಾದಾಗ ಇಡೂದು."

"ಅಂದ್ರ ಓಣಿ," ಅಂದೆ. "ಮ್ಯಾಗಿನ ಓಣಿ ಶಾಂತವ್ವ, ಕೆಳಗಿನ ಓಣಿ ಶಾಂತವ್ವ. ಓಣಿ ಹೇಳದಿದ್ರ ಪೋಸ್ಟಿನಾಂವ ಹೆಂಗ ಬರಬೇಕು?"

ಅವಳು ನನ್ನ ಮುಖ ನೋಡಿದಳು. ಮರುದಿನ ಕಾಲೇಜಿನಲ್ಲಿ ಪಾಠ ಮಾಡುವಾಗ ಇದನ್ನೇ ಹೇಳಿದಳಂತೆ. 'ನಮ್ಮ ಆಯಿ ಹೇಳಿದ್ದು' ಎಂದೂ ಸೇರಿಸಿದಳಂತೆ. (ಆಯಿ ಅಂದರೆ ನಮ್ಮಲ್ಲಿ ಅಜ್ಜಿ, ಮರಾಠಿಯಲ್ಲಿ ತಾಯಿ.) ನನಗೆ ಅಂದು ಊಟ ಸೇರಲಿಲ್ಲ. ಹೊಟ್ಟೆ ಮೊದಲೇ ತುಂಬಿತ್ತು.

ಆಮೇಲೆ ನನಗೂ ಒಂದು ಸ್ವಂತ ಪುಟ ಬೇಕು ಎಂದು ಹಟ ಹಿಡಿದೆ. ನೀನೇ ಟೈಪ್ ಮಾಡು ಎಂದಳು. 'ಸದಸ್ಯ' ಎಂದು ಬರೆದೆ. ಎರಡು ಚುಕ್ಕಿ ಬೇಕಲ್ಲ? ಅಂ ಅಃ ಎಂದು ಶಾಲೆಯಲ್ಲಿ ಕೂಗಿ ಕೂಗಿ ಕಲಿತವಳು ನಾನು, ಎರಡು ಚುಕ್ಕಿ ಎಲ್ಲಿವೆ ಎಂದು ನನಗೆ ಗೊತ್ತಿಲ್ಲವೇ? ಅಃ ಒತ್ತಿದೆ. ಶಾಂತಾಬಾಯಿ ಎಂದು ಬರೆದೆ. ಪುಟ ತಯಾರಾಯಿತು.

ಆದರೆ ಅದು ಸದಸ್ಯರ ಓಣಿಗೆ ಹೋಗಲಿಲ್ಲ. ಕಂಪ್ಯೂಟರಿಗೆ ಬೇಕಾದ ಎರಡು ಚುಕ್ಕಿಯೇ ಬೇರೆ, ದುಃಖದಲ್ಲಿ ಬರುವ ಎರಡು ಚುಕ್ಕಿಯೇ ಬೇರೆ ಅಂತೆ. ಕಣ್ಣಿಗೆ ಎರಡೂ ಒಂದೇ. ಹಾಗಾಗಿ ನನ್ನ ಪುಟ ಊರುಗಳ ಸಾಲಿನಲ್ಲಿ ಹೋಗಿ ನಿಂತಿತು. ಮೇಲೆ ಸದಲಗಾ, ಕೆಳಗೆ ಸವದಿ, ನಡುವೆ ನಾನು. ಎರಡು ದಿನ ನಾನೂ ಒಂದು ಊರಾಗಿದ್ದೆ. ಬಸ್ ಸ್ಟಾಪ್ ಒಂದು ಇರಲಿಲ್ಲ, ಅಷ್ಟೇ.

ರಾಜಶ್ರೀ ನಕ್ಕು ನಕ್ಕು ಅದನ್ನು ಸರಿಯಾದ ಓಣಿಗೆ ಸಾಗಿಸಿದಳು. ಆಗ ಕಂಡದ್ದೇ ಮಾಲವ್ವ ಓದಿದ 'ಸದಸ್ಯ:ಶಾಂತಾಬಾಯಿ'. ಅದನ್ನು ನೋಡಿ ನಾನು ಕೇಳಿದೆ.

"ಅಲ್ಲವಾ, ನನ್ನ ಹೆಸರಿನ ಮುಂದ ಈ ಗಂಡಸು ಯಾರು?"

"ಎಲ್ಲಿ?"

"ಸದಸ್ಯ ಅಂತ ಐತೆಲಾ. ನಾ ಹೆಣಮಗಳು. ಸದಸ್ಯೆ ಆಗಬೇಕಿಲ್ಲೇನು?"

ನಮ್ಮ ಕಡೆ ಹೆಂಗಸರ ಹೆಸರು ಬರೆಯುವ ಪದ್ಧತಿ ನಿಮಗೆ ಗೊತ್ತು. ಮೊದಲು ನಮ್ಮ ಹೆಸರು, ಬೆನ್ನಿಗೆ ಗಂಡನ ಹೆಸರು, ಅದರ ಬೆನ್ನಿಗೆ ಗಂಡನ ಅಡ್ಡ ಹೆಸರು. ಹಿಂದೆ ಗಂಡಸು ಇದ್ದೇ ಇದ್ದಾನೆ. ಈ ಕಂಪ್ಯೂಟರು ಮುಂದೆಯೂ ಒಬ್ಬನನ್ನು ನಿಲ್ಲಿಸಿದರೆ ನಾವು ಹಾಯುವುದೆಲ್ಲಿಂದ?

ರಾಜಶ್ರೀ ತನ್ನ ಪುಟ ತೆರೆದಳು. 'ಸದಸ್ಯ:ರಾಜಶ್ರೀ' ಎಂದಿತ್ತು. ಕನ್ನಡಕ್ಕೆ ತಂದವಳು ಅವಳೇ. ಅವಳೇ ಗಮನಿಸಿರಲಿಲ್ಲ.

"ಇಷ್ಟ ದಿನ ನಾನೂ ಗಂಡಸ ಆಗಿದ್ನಿ ನೋಡ ಆಯಿ," ಅಂದಳು.

ಒಂದೇ ವಾರದಲ್ಲಿ ಸರಿ ಮಾಡಿದಳು. ಈಗ ಸೆಟ್ಟಿಂಗ್‌ನಲ್ಲಿ ಹೋಗಿ ನಾನು ಹೆಣ್ಣು ಎಂದು ಒಪ್ಪಿಕೊಂಡರೆ ಮೇಲೆ 'ಸದಸ್ಯೆ' ಎಂದೇ ಬರುತ್ತದೆ. ನಾನು ಎದ್ದು ಅವಳ ಹಣೆಗೆ ಮುತ್ತು ಕೊಟ್ಟೆ. ಸರಕಾರ ಎಷ್ಟೋ ಕಾಗದದಲ್ಲಿ ಮಾಡದ ಕೆಲಸವನ್ನು ನನ್ನ ಮೊಮ್ಮಗಳು ಒಂದು ಏತ್ವದಿಂದ ಮಾಡಿದಳು.

"ಮತ್ತ ಹಳೇ ಸದಸ್ಯ ಎಲ್ಲಿ ಹೋದ?" ಎಂದು ಕೇಳಿದೆ.

"ಅಂವನೂ ಅದಾನ. ಯಾರರೆ 'ಸದಸ್ಯ' ಅಂತ ಬರದ್ರೂ ನಿನ್ನ ಪುಟಕ್ಕ ಬರ್ತಾರ. ಇಂಗ್ಲಿಷ್ ಹೆಸರು ಬರದ್ರೂ ಬರ್ತಾರ. ಹಳೇ ಹೆಸರು ಒಮ್ಮೆ ಇತ್ತಂದ್ರ ಅದನ್ನ ಮುರಿಯಂಗಿಲ್ಲ ಆಯಿ. ಹಳೇ ಹೆಸರು ಹಿಡದ ಬಂದವರು ದಾರಿ ತಪ್ಪಬಾರದಲ್ಲ?"

ಈ ಮಾತು ನನಗೆ ನಾಟಿತು. ಯಾಕೆ ಎಂದು ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಸಂತೋಷದ ಸುದ್ದಿ. (ಅದನ್ನು ಹೇಳಬೇಕೆಂದೇ ಈ ವಾರ ಪೆನ್ನು ಹಿಡಿದದ್ದು. ಇಷ್ಟು ಹೊತ್ತು ಹೇಗೆ ತಡೆದುಕೊಂಡೆನೋ ನನಗೇ ಗೊತ್ತಿಲ್ಲ.)

ನನ್ನ ರಾಜಶ್ರೀಗೆ ಮದುವೆಯಾಯಿತು.

ಹುಡುಗ ವಿನಾಯಕ. ನಿಪ್ಪಾಣಿಯವನು, ಮನೆಮಾತು ಮರಾಠಿ, ಕಾಗವಾಡದ ಕಡೆ ಒಂದು ಶಾಲೆಯಲ್ಲಿ ಮೇಷ್ಟ್ರು. ಗುರುತಾದದ್ದು ಎಲ್ಲಿ ಅಂತೀರಿ? ವಿಕಿಯ ಚರ್ಚೆ ಪುಟದಲ್ಲಿ. ಅಲ್ಲಿ ಇಬ್ಬರಿಗೂ ಘನಘೋರ ಜಗಳ. ಜಗಳ ಯಾವುದಕ್ಕೆ? ನಿಪ್ಪಾಣಿಗೆ ಒಂದು 'ಪ' ಸಾಕೋ, ಎರಡು ಬೇಕೋ ಎಂಬುದಕ್ಕೆ.

ಕನ್ನಡದ ಪುಟದಲ್ಲಿ ಇವಳು 'ನಿಪ್ಪಾಣಿ' ಎಂದು ಬರೆದಿದ್ದಳು. ಮರಾಠಿಯಲ್ಲಿ ಒಂದೇ 'ಪ', ನಮ್ಮೂರ ಹೆಸರು ನಮಗೆ ಗೊತ್ತಿಲ್ಲವೇ ಎಂದು ಅವನು ಬಂದು ಒಂದು ತೆಗೆದ. ಇವಳು ಮತ್ತೆ ಹಾಕಿದಳು. ಅವನು ಮತ್ತೆ ತೆಗೆದ. ವಾರಗಟ್ಟಲೆ ನಡೆಯಿತಂತೆ ಈ 'ಪ'ಕಾರ ಯುದ್ಧ. ಕೊನೆಗೆ ಒಪ್ಪಂದವಾಯಿತು. ಕನ್ನಡದಲ್ಲಿ ನಿಪ್ಪಾಣಿ, ಮರಾಠಿಯಲ್ಲಿ ನಿಪಾಣಿ. ಯಾರು ಯಾವುದನ್ನು ಬರೆದು ಹುಡುಕಿದರೂ ಸರಿಯಾದ ಪುಟಕ್ಕೇ ಹೋಗಿ ಮುಟ್ಟಬೇಕು. ಅದಕ್ಕೆ ಪುನರ್ನಿರ್ದೇಶನ ಅನ್ನುತ್ತಾರೆ. ಬಾಯಿ ತಿರುಗದವರು ರಿಡೈರೆಕ್ಟ್ ಅನ್ನುತ್ತಾರೆ. ಅದಾದ ಮೇಲೆ ಅವರಿಬ್ಬರೂ ಚರ್ಚೆ ಪುಟದಲ್ಲಿ ಚರ್ಚೆ ಬಿಟ್ಟು ಬೇರೆ ಮಾತಾಡತೊಡಗಿದರು ಎಂದು ನನ್ನ ಗುಮಾನಿ. ಇತಿಹಾಸ ಒತ್ತಿ ನೋಡುವ ಧೈರ್ಯ ನನಗಾಗಲಿಲ್ಲ.

ಸಾಖರಪುಡಾಕ್ಕೆ, ಅಂದರೆ ನಿಶ್ಚಿತಾರ್ಥಕ್ಕೆ, ನಾವೆಲ್ಲ ನಿಪ್ಪಾಣಿಗೆ ಹೋದೆವು. ಸಕ್ಕರೆ ಹಂಚುವ ಮುನ್ನ ನಮ್ಮ ಬೀಗತಿ, ಹುಡುಗನ ತಾಯಿ ಸುಲೋಚನಾಬಾಯಿ ಎದ್ದು ನಿಂತರು. ಎತ್ತರದ ಆಳು, ಹಸಿರು ಸೀರೆ, ಮಾತಿನಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ.

"ಹೆಸರು ಬದಲ ಮಾಡೋ ಪದ್ಧತಿ ಐತಿ ನಮ್ಮಲ್ಲಿ. ಮದವಿ ದಿವಸ ಮನಿ ತುಂಬಿಸ್ಕೊಳ್ಳೋವಾಗ ಅಕ್ಕಿ ತಾಟನ್ಯಾಗ ಬರಸ್ತೀವ್ರಿ. ಹೆಸರ ತಗದ ಇಟ್ಟೀವಿ. ವೈಷ್ಣವಿ. ವಿನಾಯಕ, ವೈಷ್ಣವಿ. ಎಷ್ಟ ಚಲೋ ಕೂಡ್ತೈತಿ ನೋಡ್ರಿ."

ಎಲ್ಲರೂ ಛಂದ ಐತಿ ಛಂದ ಐತಿ ಅಂದರು. ನನ್ನ ಮಗನಂತೂ, "ಹೆಸರನ್ಯಾಗ ಏನೈತ್ರಿ, ಕರಿಯಾಕ ಒಂದು ಇದ್ರಾತು," ಎಂದು ನಕ್ಕ. (ಅವನ ಹೆಸರನ್ನು ಯಾರೂ ಬದಲಾಯಿಸಿಲ್ಲವಲ್ಲ.) ವಿನಾಯಕ ಸಕ್ಕರೆ ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತುತ್ತಿದ್ದ.

ವಾಪಸು ಬರುವಾಗ ಗಾಡಿಯಲ್ಲಿ ಅವನ ಫೋನು ಬಂತು. ಇವಳು ಹೇಳಿದ್ದು ಒಂದೇ ಮಾತು. "ಒಂದ 'ಪ' ಹೋಗತೈತಂತ ಎಷ್ಟ ವಾರ ಜಗಳಾಡಿದ್ರಿ. ಇವತ್ತ ನನ್ನ ಹೆಸರಿನ ಎಲ್ಲಾ ಅಕ್ಷರ ಹೋದಾಗ ಸಕ್ಕರಿ ತಿಂದ್ರಿ."

ಆ ಕಡೆಯಿಂದ ಏನು ಬಂತೋ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಫೋನು ಕಟ್ ಆಯಿತು.

ಮನೆಗೆ ಬಂದ ಮೇಲೆ ಅವಳು ಲ್ಯಾಪ್‌ಟಾಪ್ ತೆರೆದು ಕುಳಿತಳು. ಇಷ್ಟು ವರ್ಷ ಬರೆದ ಪುಟಗಳ ಇತಿಹಾಸದಲ್ಲೆಲ್ಲ ರಾಜಶ್ರೀ, ರಾಜಶ್ರೀ, ರಾಜಶ್ರೀ.

"ಈ ಹೆಸರ ಬದಲಿ ಮಾಡಾಕ ಬರ್ತೈತಿ ಆಯಿ. ಒಂದು ಗುಂಡಿ ಒತ್ತಿದ್ರ ಎಲ್ಲಾ ಕಡೆ ವೈಷ್ಣವಿ ಆಗತೈತಿ. ಆದ್ರ ನಾ ಯಾರಂತ ನನಗ ಹುಡುಕಾಕ ಬರಬೇಕಲ್ಲ?"

ನಾನು ಸಮಾಧಾನ ಹೇಳಲು ಬಾಯಿ ತೆರೆದೆ. ಎಲ್ಲರಿಗೂ ಬದಲಾಗತೈತವಾ, ನನಗ ಬದಲಾಗಲಿಲ್ಲೇನು, ನಾ ಏನ ಸತ್ನೇನು ಎಂದು ಹೇಳುವವಳಿದ್ದೆ. ಅರ್ಧಕ್ಕೇ ನಿಂತೆ. ಏಕೆಂದರೆ ಅವಳು ತಟ್ಟನೆ ಕೇಳಿದಳು.

"ನಿಂದೇನಿತ್ತು?"

ಇಷ್ಟು ವರ್ಷದಲ್ಲಿ ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಚಂಪವ್ವ ಅಂದೆ. ಹಾರೂಗೇರಿಯ ಚಂಪವ್ವ. ಸಂಪಿಗೆ ಹೂವಿನ ಕಾಲದಲ್ಲಿ ಹುಟ್ಟಿದ್ದೆನಂತೆ. ಮದುವೆಯಾಗಿ ಜುಗೂಳಿಗೆ ಬಂದ ದಿನ ಶಾಂತಾಬಾಯಿಯಾದೆ. ತವರಿನಲ್ಲಿ ನನ್ನ ಅಣ್ಣ ಇರುವವರೆಗೆ ಚಂಪೀ ಎಂದು ಕರೆಯುತ್ತಿದ್ದ. ಅವನು ಹೋದ ಮೇಲೆ ಆ ಹೆಸರೂ ಅವನ ಜೊತೆ ಹೋಯಿತು.

ರಾಜಶ್ರೀ ಹುಡುಕುವ ಜಾಗದಲ್ಲಿ 'ಸದಸ್ಯೆ:ಚಂಪವ್ವ' ಎಂದು ಬರೆದಳು. ಅಕ್ಷರ ಕೆಂಪಗಾದವು. ವಿಕಿಯಲ್ಲಿ ಇದ್ದ ಪುಟದ ಹೆಸರು ನೀಲಿ, ಇಲ್ಲದ್ದು ಕೆಂಪು. ಕೆಳಗೆ ಒಂದು ಸಾಲು ಬಂತು. 'ಈ ಹೆಸರಿನ ಪುಟ ಇಲ್ಲ. ನೀವು ಅದನ್ನು ಸೃಷ್ಟಿಸಬಹುದು.'

ಎಂಥ ಸಭ್ಯ ಕಂಪ್ಯೂಟರು ನೋಡಿ. ಇಲ್ಲ ಎಂದು ಹೇಳಿ ಬಾಗಿಲು ಹಾಕುವುದಿಲ್ಲ.

ನಮ್ಮೂರಿನದೇ ಲೆಕ್ಕ ತೆಗೆದುಕೊಳ್ಳಿ. ಜುಗೂಳು ನಿನ್ನೆ ಮೊನ್ನೆಯವರೆಗೆ ಅಥಣಿ ತಾಲೂಕಿನಲ್ಲಿತ್ತು. ಕಾಗವಾಡ ತಾಲೂಕಾದ ಮೇಲೆ ನಾವು ಆ ಮನೆ ಬಿಟ್ಟು ಈ ಮನೆಗೆ ಬಂದೆವು. ಇವತ್ತಿಗೂ ಎಷ್ಟೋ ಜನ ವಿಳಾಸದಲ್ಲಿ 'ತಾ: ಅಥಣಿ' ಎಂದೇ ಬರೆಯುತ್ತಾರೆ, ಕಾಗದ ಬಂದೇ ಬರುತ್ತದೆ. ಊರಿಗೆ ಹಳೆಯ ಹೆಸರಿನಿಂದಲೂ ಕಾಗದ ಬರುತ್ತದೆ. ಹೆಣ್ಣುಮಗಳಿಗೆ ಯಾಕೆ ಬರುವುದಿಲ್ಲ?

ಸಾಖರಪುಡಾ ಆದ ಮುಂದಿನ ವಾರ ಲಗ್ನಪತ್ರಿಕೆಯ ಮಾತಿಗೆ ಸುಲೋಚನಾಬಾಯಿ ನಮ್ಮ ಮನೆಗೆ ಬಂದರು. ಮಗನೂ ಜೊತೆಗಿದ್ದ. ಪತ್ರಿಕೆ ಎರಡೂ ಭಾಷೆಯಲ್ಲಿ, ಒಂದು ಕಡೆ ಕನ್ನಡ, ಒಂದು ಕಡೆ ಮರಾಠಿ. ಹೆಸರಿನ ಸಾಲು ಬಂದ ಕೂಡಲೇ ನಾನು ಚಹಾದ ಬಸಿ ಕೆಳಗಿಟ್ಟೆ.

"ಬಾಯಿ, ಒಂದ ಮಾತ ಕೇಳ್ತೀನಿ. ರಿಡೈರೆಕ್ಟ್ ಅಂದ್ರ ಗೊತ್ತೈತೇನ್ರಿ?"

"ಕಾಯ?" ಅಂದರು. ಏನು?

ನಾನು ಹೇಳಿದೆ. ಓಣಿ ಹೇಳಿದೆ, ಎರಡು ಚುಕ್ಕಿ ಹೇಳಿದೆ, ಒಂದು 'ಪ' ಎರಡು 'ಪ' ಹೇಳಿದೆ. ಹೊಸ ಹೆಸರು ಇಟ್ಟರೂ ಹಳೆಯದನ್ನು ಅಳಿಸಬಾರದು, ಅದನ್ನು ಹಿಡಿದು ಬಂದವರೂ ಮನೆ ಮುಟ್ಟಬೇಕು ಎಂದೆ. ವಿನಾಯಕ ನಡು ನಡುವೆ ಮರಾಠಿಯಲ್ಲಿ ಬಿಡಿಸಿ ಹೇಳಿದ. ಸುಲೋಚನಾಬಾಯಿ ಎಲ್ಲ ಕೇಳಿ, ಸೀರೆಯ ಪದರು ಸರಿ ಮಾಡಿಕೊಂಡು, ನನಗಿಂತ ಮುಂದಕ್ಕೆ ಹೋದರು.

"ಆತ್ರಿ. ಹಂಗ ಮಾಡೋಣು. ವೈಷ್ಣವಿ ಮ್ಯಾಲ ಇರಲಿ, ರಾಜಶ್ರೀ ರಿಡೈರೆಕ್ಟ್ ಮಾಡ್ರಿ."

"ಇಲ್ರಿ, ರಾಜಶ್ರೀ ಮ್ಯಾಲ, ವೈಷ್ಣವಿ ರಿಡೈರೆಕ್ಟ್."

"ಅದ ಹೆಂಗಾಗತೈತ್ರಿ? ಸೊಸಿ ನಮ್ಮಾಕಿ."

"ಪುಟ ನಮ್ದೈತ್ರಿ."

ಹೊಸ ವಿದ್ಯೆ ಕಲಿತರೆ ಜಗಳ ಮುಗಿಯುತ್ತದೆ ಎಂದು ಯಾರು ಹೇಳಿದರೋ. ಹೊಸ ಶಬ್ದದಲ್ಲಿ ಹಳೆಯ ಜಗಳವೇ ನಡೆಯಿತು. ಆಮೇಲೆ ನಾನು ಕೇಳಿದೆ.

"ನಿಮ್ಮ ಹೆಸರೇನಿತ್ರಿ, ತವರ ಮನ್ಯಾಗ?"

ಅವರು ಬಸಿಯಲ್ಲಿನ ಚಹಾ ಊದುತ್ತಿದ್ದರು. ಊದುವುದು ನಿಲ್ಲಿಸಿದರು.

"ಹೌಸಾ," ಅಂದರು.

"ಆಯೀ, ನಿನ್ನ ಹೆಸರ ಹೌಸಾ ಏನ?" ಎಂದ ವಿನಾಯಕ. ಅವನಿಗೂ ಆವತ್ತೇ ಗೊತ್ತಾದದ್ದು. ಊರಿನ ಹೆಸರಿನಲ್ಲಿ ಎಷ್ಟು 'ಪ' ಎಂದು ಬಲ್ಲವನಿಗೆ ತಾಯಿಯ ಹೆಸರು ಗೊತ್ತಿರಲಿಲ್ಲ.

"ಎಷ್ಟ ಛಲೋ ಹೆಸರ್ರಿ," ಅಂದೆ. "ನನಗ ಚಂಪಾ ಅಂತಿದ್ರು."

ಇಬ್ಬರೂ ಸ್ವಲ್ಪ ಹೊತ್ತು ನಕ್ಕೆವು. ಹೌಸಾ ಎಂದು ನಾನು ಕರೆದೆ, ಚಂಪಾ ಎಂದು ಅವರು ಕರೆದರು. ಕೆಲಸ ಆಯಿತು, ಬೀಗತಿ ಕರಗಿದರು ಎಂದುಕೊಂಡೆ. ನೀವೂ ಹಾಗೇ ಅಂದುಕೊಂಡಿರಿ, ಅಲ್ಲವೇ?

ಸುಲೋಚನಾಬಾಯಿ ಬಸಿ ಕೆಳಗಿಟ್ಟು ಎದ್ದರು.

"ನೋಡ್ರಿ, ನನ್ನ ಅತ್ತಿ ನನ್ನ ಹೆಸರ ಬದಲ ಮಾಡಿದ್ರು. ಅವರ ಅತ್ತಿ ಅವರದ ಮಾಡಿದ್ರು. ನಾ ಏನೂ ಅನ್ಲಿಲ್ಲ. ನಂದೂ ಒಂದು ಪಾಳಿ ಬರತೈತಂತ ಇಷ್ಟ ವರ್ಷ ಸುಮ್ನಿದ್ನಿ. ಈಗ ನನ್ನ ಪಾಳಿ ಬಂದಾಗ ರೂಲ್ ಬದಲ ಮಾಡ್ತೀರೇನು?"

ನ್ಯಾಯವೇ ಅಲ್ಲವೇ ಅದೂ? ಬಸ್ಸಿಗೆ ಪಾಳಿಯಲ್ಲಿ ನಿಂತವಳು ಹತ್ತುವ ಹೊತ್ತಿಗೆ ಬಸ್ಸೇ ಇಲ್ಲ ಎಂದರೆ ಹೇಗೆ? ಪತ್ರಿಕೆಯಲ್ಲಿ ಮಾತ್ರ ರಾಜಶ್ರೀ ಎಂದು ಉಳಿಯಿತು. ಅಕ್ಕಿ ತಾಟಿನ ಮಾತು ಅಲ್ಲೇ ನಿಂತಿತು. ಹೋಗುವಾಗ ಬಾಗಿಲಲ್ಲಿ ವಿನಾಯಕ ಏನೋ ಹೇಳಲು ಹೋದ. ತಾಯಿ ಅವನ ತೋಳು ಹಿಡಿದು ಗಾಡಿಗೆ ಹತ್ತಿಸಿದರು.

ಮದುವೆ ಚಂದ ಆಯಿತು. ನನ್ನ ಮೊಮ್ಮಗಳು ಹೇಗೆ ಕಾಣುತ್ತಿದ್ದಳು ಎಂದು ಬರೆಯಲು ಹೋದರೆ ಸಂಪಾದಕರು ಇನ್ನೊಂದು ಪುಟ ಕೊಡಬೇಕಾಗುತ್ತದೆ. ಹುಡುಗಿಯ ಜೊತೆಗೆ ಗಂಡನ ಮನೆಗೆ ಒಬ್ಬ ಹಿರಿಯ ಹೆಂಗಸು ಹೋಗುವ ಪದ್ಧತಿ ಇದೆಯಲ್ಲ, ಆ ಗಾಡಿಯಲ್ಲಿ ಯಾರು ಹೇಳುವುದಕ್ಕೂ ಮೊದಲೇ ಹೋಗಿ ನಾನು ಕುಳಿತಿದ್ದೆ.

ನಿಪ್ಪಾಣಿಯ ಮನೆ ತುಂಬ ಹೆಂಗಸರು. ರಾಜಶ್ರೀ ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಬಂದಳು. ದೇವರ ಮುಂದೆ ಹಿತ್ತಾಳೆ ತಾಟು, ತಾಟಿನ ತುಂಬ ಅಕ್ಕಿ, ಅಂಗೈಯಿಂದ ಸಪಾಟು ಮಾಡಿಟ್ಟಿದ್ದರು. ವಿನಾಯಕನ ಕೈಗೆ ಬಂಗಾರದ ಉಂಗುರ ಕೊಟ್ಟರು. ಅದರಿಂದಲೇ ಬರೆಯಬೇಕು.

ರಾಜಶ್ರೀ ನನ್ನ ಕೈ ಹಿಡಿದುಕೊಂಡಿದ್ದಳು.

ವಿನಾಯಕ ಉಂಗುರ ಅಕ್ಕಿಯ ಮೇಲೆ ಹಿಡಿದ. ಬರೆಯಲಿಲ್ಲ. ಹೆಂಡತಿಯನ್ನು ನೋಡಿದ. ಆಮೇಲೆ ತಾಯಿಯನ್ನು ನೋಡಿದ. "ಆಯೀ, ಮೀ..." ಎಂದು ಶುರು ಮಾಡಿದ. ಅವ್ವಾ, ನಾನು... ಅಷ್ಟೇ. ಮುಂದಿನ ಮಾತು ಹೊರಗೆ ಬರಲಿಲ್ಲ, ಆದರೆ ಉಂಗುರವೂ ಮುಂದೆ ಹೋಗಲಿಲ್ಲ.

ಸುಲೋಚನಾಬಾಯಿ ಮಗನ ಹಿಂದೆ ನಿಂತಿದ್ದರು. ಸೊಂಟದ ಮೇಲೆ ಕೈ. ಒಂದು ಕ್ಷಣ ನನ್ನನ್ನು ನೋಡಿದರು.

"ಲಿಹೀ," ಅಂದರು. ಬರೆ. "ರಾಜಶ್ರೀ."

ಹಿಂದಿನಿಂದ ಯಾರೋ ಹಿರಿಯ ನೆಂಟಳು ಕೇಳಿದಳು. "ಅಗಂ, ಹೆಸರ ಬದಲ ಮಾಡೂದಿತ್ತಲ್ಲ? ಆಕಿ ಹೆಸರು ಮೊದಲಿಂದ ರಾಜಶ್ರೀನ ಅಲ್ಲೇನು?"

"ಹೊಸಾ ಹೆಸರ ಇಡೂದು ಅತ್ತಿ ಹಕ್ಕು, ಹೌದಲ್ರಿ?" ಎಂದರು ಸುಲೋಚನಾಬಾಯಿ. "ನಾ ಇಟ್ಟೀನಿ. ಹೊಸಾ ಹೆಸರು ರಾಜಶ್ರೀ. ಯಾರಿಗರೆ ಏನರೆ ಅಡಚಣಿ ಐತೇನು?"

ಯಾರಿಗೂ ಇರಲಿಲ್ಲ. ಇದ್ದರೂ ಆ ಕೈ ಸೊಂಟದ ಮೇಲಿರುವಾಗ ಹೇಳುವ ಧೈರ್ಯ ಯಾರಿಗಿತ್ತು?

ವಿನಾಯಕ ಬರೆದ. ಮರಾಠಿ ಅಕ್ಷರದಲ್ಲಿ ದೊಡ್ಡದಾಗಿ ಬರೆದ. ಬರೆಯುವಾಗ ಉಂಗುರ ಜಾರಿ ಅಕ್ಕಿಯೊಳಗೆ ಹೋಯಿತು, ಹುಡುಕಿ ತೆಗೆದು ಶ್ರೀಗೆ ದೀರ್ಘ ಹಾಕಿದ. ರಾಜಶ್ರೀ ನನ್ನ ಕಿವಿಯ ಹತ್ತಿರ ಬಾಗಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು.

"ಆಯಿ, ಇದನ್ನ ವಿಕಿ ಒಪ್ಪಂಗಿಲ್ಲ. ಒಂದು ಪುಟಾನ ಅದರ ಹೆಸರಿಗೇ ಬದಲಿ ಮಾಡಾಕ ಹೋದ್ರ, ಹಳೇದೂ ಹೊಸದೂ ಒಂದ ಐತಿ, ಆಗಂಗಿಲ್ಲ ಅಂತೈತಿ."

"ನಿಪ್ಪಾಣಿ ಅಕ್ಕಿ ಒಪ್ಪೇತಿ. ಸುಮ್ನ ಕುಂಡ್ರ," ಅಂದೆ.

ಸಂತೋಷಕ್ಕೆ ನನ್ನ ಕಣ್ಣು ಕಾಣಿಸುತ್ತಿರಲಿಲ್ಲ. ಆದರೆ ಕಿವಿ ಕೇಳಿಸುತ್ತಿತ್ತು, ಅದೇ ತೊಂದರೆ. ಊಟದ ಪಂಕ್ತಿಯ ಉದ್ದಕ್ಕೂ ಸುಲೋಚನಾಬಾಯಿ ಬಂದವರಿಗೆಲ್ಲ ಹೇಳುತ್ತ ಹೋದರು. "ಸೊಸಿ ಹೆಸರು ರಾಜಶ್ರೀ ಅಂತ ಇಟ್ಟೀವ್ರಿ. ನಾನ ಇಟ್ಟಿದ್ದು. ಛಲೋ ಐತೆಲಾ?" ಎಲ್ಲರೂ ಛಲೋ ಐತಿ ಎಂದರು. ಆ ಹೆಸರನ್ನು ತೊಟ್ಟಿಲಲ್ಲಿ ಇಟ್ಟವಳು ನಾನು. ಮೊದಲು ಕಿವಿಯಲ್ಲಿ ಊದಿದವಳು ನಾನು. ಈಗ ಎಲೆಯ ಮುಂದೆ ಕುಳಿತು, ನನ್ನ ಸ್ವಂತ ಮೊಮ್ಮಗಳ ಹೆಸರು ಬಹಳ ಚೆನ್ನಾಗಿದೆ, ಒಳ್ಳೆಯ ಹೆಸರು ಆರಿಸಿದ್ದೀರಿ ಎಂದು ಬೀಗತಿಗೆ ತಲೆಯಾಡಿಸುತ್ತಿದ್ದೆ. ಹೋಳಿಗೆಯ ಜೊತೆ ಅದನ್ನೂ ನುಂಗಿದೆ. ಇತಿಹಾಸ ಒತ್ತಿದರೆ ಯಾರು ಮೊದಲು ಬರೆದರು ಎಂದು ತಿಳಿಯುತ್ತದೆ. ಮದುವೆ ಮನೆಯಲ್ಲಿ ಇತಿಹಾಸ ಒತ್ತುವವರು ಯಾರು?

"ಚಂಪಾತಾಯಿ, ಇನ್ನೊಂದು ಹೋಳಿಗಿ?"

ಯಾರನ್ನು ಕರೆದರೆಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು. ಮತ್ತೆ ಮುಂದೆ ತಿರುಗಿದರೆ ಸುಲೋಚನಾಬಾಯಿ ಹೋಳಿಗೆಯ ಬುಟ್ಟಿ ಹಿಡಿದು ನನ್ನೆದುರೇ ಬಾಗಿ ನಿಂತಿದ್ದರು. ಮುಖದಲ್ಲಿ ನಗು ಇರಲಿಲ್ಲ. ಬಡಿಸುವ ಗಂಭೀರತೆ ಮಾತ್ರ ಇತ್ತು.

"ಸಾಕ್ರಿ ಹೌಸಾಬಾಯಿ," ಅಂದೆ. ಆದರೂ ಹಾಕಿದರು. ತಿಂದೆ.

ಊರಿಗೆ ಬಂದು ಎರಡು ದಿನ ಸುಮ್ಮನಿದ್ದೆ. ರಾಜಶ್ರೀಯ ಹಳೆಯ ಲ್ಯಾಪ್‌ಟಾಪ್ ನನಗೇ ಬಿಟ್ಟು ಹೋಗಿದ್ದಾಳೆ. ಮೂರನೆಯ ದಿನ ತೆರೆದು 'ಸದಸ್ಯೆ' ಎಂದು ಬರೆದೆ. ಈ ಸಲ ಅಃ ಒತ್ತಲಿಲ್ಲ, ಕಂಪ್ಯೂಟರಿಗೆ ಬೇಕಾದ ಎರಡು ಚುಕ್ಕಿಯನ್ನೇ ಹುಡುಕಿ ಒತ್ತಿದೆ. ಚಂಪವ್ವ ಎಂದು ಬರೆದೆ. ಕೆಂಪಗಾಯಿತು. ನೀವು ಅದನ್ನು ಸೃಷ್ಟಿಸಬಹುದು ಎಂದಿತು. ಸೃಷ್ಟಿಸಿದೆ, ಅದನ್ನು ನನ್ನ ಪುಟಕ್ಕೆ ರಿಡೈರೆಕ್ಟ್ ಮಾಡಿದೆ. ಈಗ ಚಂಪವ್ವ ಎಂದು ಹುಡುಕಿಕೊಂಡು ಬಂದವರು ಶಾಂತಾಬಾಯಿಯ ಮನೆಗೆ ಬರುತ್ತಾರೆ. ಹೆಸರು ನೀಲಿಯಾಗಿದೆ.

ಹಾಗೆ ನೋಡುತ್ತ ಕುಳಿತಿರುವಾಗಲೇ ಮಾಲವ್ವ ಬಂದಳು. ಕೈಯಲ್ಲಿ ಅದೇ ಹೆಪ್ಪಿನ ಬಟ್ಟಲು. ಬಾಗಿ ಓದಿದಳು. ನಾನು ಮದುವೆಯಾಗಿ ಈ ಓಣಿಗೆ ಕಾಲಿಟ್ಟ ವರ್ಷವೇ ಬಾಜೂ ಮನೆಗೆ ಸೊಸೆಯಾಗಿ ಬಂದವಳು. ಅಂದಿನಿಂದ ಹೆಪ್ಪು, ಉಪ್ಪು, ಸಿಟ್ಟು, ಎಲ್ಲವನ್ನೂ ಒಂದೇ ಗೋಡೆಯ ಮೇಲಿಂದ ಕೊಟ್ಟು ತಗೊಂಡಿದ್ದೇವೆ.

"ಈ ಚಂಪವ್ವ ಯಾರವಾ, ಹೊಸಾ ಮೆಂಬರು?" ಎಂದಳು ಮಾಲವ್ವ. "ಯಾವ ವಾರ್ಡಿನಾಕಿ?"

ನಾನು ಉತ್ತರ ಕೊಡಲು ಹೋದೆ. ಆಗಲೇ ಹೊಳೆಯಿತು, ಮಾಲವ್ವನ ಹೆಸರು ಮೊದಲು ಏನಿತ್ತೆಂದು ನಾನಾದರೂ ಯಾವತ್ತು ಕೇಳಿದ್ದೆ?